ಒಂಬತ್ತನೇ ಪ್ರಶ್ನೆ

ಜೂನ್ ೬

ದೊಡ್ಡಮ್ಮನವರಿಗೆ ನಮಸ್ಕಾರಗಳು.

'ಸಾಕೆಂದವರ ಮನೆಗೆ ಸಂಜೆ ಮೆಲ್ಲಗೆ ಬರುವುದು.' ಸಾಲು ಹೀಗೇ ಇತ್ತೇ? ಹಿಂದಿನದೂ ಮುಂದಿನದೂ ನೆನಪಾಗುತ್ತಿಲ್ಲ. ನಾನು ಚಿಕ್ಕವಳಿದ್ದಾಗ ನೀವು ಪಾತ್ರೆ ಒರೆಸುತ್ತಾ ಇದೊಂದನ್ನೇ ಹೇಳಿಕೊಳ್ಳುತ್ತಿದ್ದಿರಿ. ಆಗ ನಿಜವೆಂದೇ ನಂಬಿದ್ದೆ. ಬೇಕು ಬೇಕು ಎನ್ನುವುದನ್ನು ಬಿಟ್ಟವರಿಗೆ ಸಂಜೆ ಅವಸರ ಮಾಡುವುದಿಲ್ಲ ಎಂದು ಕವಿ ಹೇಳಿರಬೇಕು. ಈಗ ಅನುಮಾನ. ನಾನು ದಿನವೂ ಹೋಗುತ್ತಿರುವ ಮನೆಗಳಲ್ಲಿ ಸಾಕು ಎಂದವರಿಗೇ ಸಂಜೆ ಬೇಗ ಬರುತ್ತಿದೆ. ಮೊದಲು ಒಂದು ತುತ್ತು ಸಾಕು ಅನ್ನುತ್ತಾರೆ. ಆಮೇಲೆ ಒಂದು ಸುತ್ತು ನಡೆದದ್ದು ಸಾಕು. ಆಮೇಲೆ ಕಿಟಕಿಯವರೆಗೆ ಹೋದರೆ ಸಾಕು.

ಮಾರ್ಚ್ ತಿಂಗಳಿನದಕ್ಕೆ ಕ್ಷಮೆ ಕೇಳಲು ಕುಳಿತವಳು ಕವಿತೆಯ ಹಿಂದೆ ಅಡಗುತ್ತಿದ್ದೇನೆ. ನೇರವಾಗಿ ಬರೆಯುತ್ತೇನೆ. ನೀವು ಅಡುಗೆಮನೆಯಿಂದ ಬಾಗಿಲಿಗೆ ನಡೆದು ಬಂದಾಗ ನಾನು ಸೆರಗಿನ ಮರೆಯಲ್ಲಿ ಕೈಗಡಿಯಾರ ನೋಡುತ್ತಿದ್ದೆ. ನಾಲ್ಕು ಮೀಟರಿಗೆ ಏಳು ಸೆಕೆಂಡು. ಊಟದ ಮೇಜಿನ ಮೇಲೆ ಆ ಅಂಕಿಯನ್ನು ಇಟ್ಟು, ಮೂರನೇ ಮಹಡಿಯ ಮನೆ ಬಿಟ್ಟು ನನ್ನ ಜೊತೆ ಬಂದುಬಿಡಿ ಎಂದೆ. "ನನ್ನ ಮನೆಯಲ್ಲೇ ನನ್ನನ್ನ ಅಳೆದೆಯಾ?" ಎಂದಿರಿ. "ಸಾಕು, ಹೊರಡು" ಎಂದಿರಿ. ಹೊರಟೆ. ಅಂದಿನಿಂದ ನೀವು ಫೋನ್ ಎತ್ತುತ್ತಿಲ್ಲ. ಒಮ್ಮೆ ಎತ್ತಿ, "ಫೋನಲ್ಲಿ ನನ್ನ ಉಸಿರು ಎಣಿಸ್ತೀಯ. ಏನಿದ್ರೂ ಬರೆದು ಕಳಿಸು" ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ.

ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು ನಲವತ್ತೆಂಟಕ್ಕೆ ಮತ್ತೆ ವಿದ್ಯಾರ್ಥಿನಿಯಾಗಿ ಏನು ಮಾಡುತ್ತಿದ್ದೇನೆ ಎಂದು ನೀವು ಕೇಳಲಿಲ್ಲ, ನಾನೂ ಸರಿಯಾಗಿ ಹೇಳಲಿಲ್ಲ. ಈ ನಗರದ ಆರು ಬಡಾವಣೆಗಳಲ್ಲಿ ಅರವತ್ತೈದು ದಾಟಿದ ಮುನ್ನೂರ ಇಪ್ಪತ್ತು ಜನರ ಮನೆಗೆ ಹೋಗುತ್ತೇವೆ. ನಡಿಗೆ ನೋಡುತ್ತೇವೆ, ಕೈಹಿಡಿತ ನೋಡುತ್ತೇವೆ, ಕುರ್ಚಿಯಿಂದ ಐದು ಸಲ ಎಬ್ಬಿಸಿ ಕೂರಿಸುತ್ತೇವೆ, ಹನ್ನೆರಡು ಪ್ರಶ್ನೆ ಕೇಳುತ್ತೇವೆ. ಇಷ್ಟರಿಂದ, ಯಾರು ಇನ್ನೊಂದು ವರ್ಷದಲ್ಲಿ ಕುಗ್ಗಬಹುದು ಎಂದು ಮೊದಲೇ ಹೇಳಲಾಗುತ್ತದೆಯೇ ಎಂಬುದು ನಮ್ಮ ಹುಡುಕಾಟ. ನಾವು ಹುಡುಕುತ್ತಿರುವುದು ಕಾಯಿಲೆಯಲ್ಲ, ಬರಿಯ ವಯಸ್ಸೂ ಅಲ್ಲ. ಒಂದು ಸಣ್ಣ ಜ್ವರ, ಒಂದು ಸಣ್ಣ ಎಡವು, ಅಷ್ಟಕ್ಕೇ ಇಡೀ ಮನುಷ್ಯ ಕುಸಿಯುವ ಸ್ಥಿತಿ. ನಾವು ಅದನ್ನು 'ಕೃಶತೆ' ಎಂದು ಬರೆದಿದ್ದೇವೆ. ಮೊದಲೇ ತಿಳಿದರೆ ತಡೆಯಬಹುದು, ಎಷ್ಟೋ ಸಲ ಹಿಂದಕ್ಕೂ ತರಬಹುದು. ಅದಕ್ಕಾಗಿಯೇ ಅಳೆಯುವುದು.

ಪ್ರಶ್ನಾವಳಿ ಇದರ ಜೊತೆಗಿದೆ. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವರು ನೀವು. ನನ್ನ ಮೇಲೆ ಕೋಪವಿದ್ದರೂ ಕಾಗುಣಿತದ ಮೇಲೆ ಇರಲಾರದು. ಒಮ್ಮೆ ಕಣ್ಣಾಡಿಸಿ ಕಳಿಸುತ್ತೀರಾ?

ನಿಮ್ಮ
ಅಲ್ಪವಿರಾಮ


ಜೂನ್ ೧೭

ಅಲ್ಪವಿರಾಮಕ್ಕೆ ಆಶೀರ್ವಾದ.

ನಾನು ಯಾವಾಗಿನಿಂದ 'ನೀವು' ಆದೆ? ನಾಲ್ಕು ವರ್ಷದ ಮಗು ಪ್ರೆಸ್ಸಿನ ಉದ್ದುದ್ದ ಗ್ಯಾಲಿ ಪ್ರೂಫು ಹಾಳೆಗಳ ಮೇಲೆ ಮುದುಡಿ ಮಲಗಿ ಅಲ್ಪವಿರಾಮದ ಹಾಗೆ ಕಂಡಿತು, ಅದಕ್ಕೆ ಆ ಹೆಸರಿಟ್ಟೆ. ಅಂಥ ಮಗು ನನಗೆ 'ನೀವು' ಎಂದು ಕಾಗದ ಬರೆಯುತ್ತದೆಂದು ಗೊತ್ತಿದ್ದರೆ ಆಶ್ಚರ್ಯಸೂಚಕ ಎಂದು ಕರೆಯುತ್ತಿದ್ದೆ. ನೀವು, ನಿಮ್ಮ, ಬನ್ನಿ, ಹೋಗಿ ಎಲ್ಲವನ್ನೂ ಕೆಂಪು ಪೆನ್ಸಿಲಿನಿಂದ ಹೊಡೆದು ಹಾಕಿದ್ದೇನೆ. ನಿನ್ನ ಕಾಗದ ಈಗ ಸರಿಯಾಗಿದೆ.

ಪ್ರಶ್ನಾವಳಿ ಯಾರು ಬರೆದದ್ದು? ನೀನೇ ಅಲ್ಲ ಎಂದುಕೊಳ್ಳುತ್ತೇನೆ, ಮರ್ಯಾದೆಗೆ. ಮೂರನೇ ಪ್ರಶ್ನೆ: 'ಕಳೆದ ವರ್ಷದಲ್ಲಿ ಅನುದ್ದೇಶಿತವಾಗಿ ತಮ್ಮ ತೂಕದ ನಷ್ಟ ಸಂಭವಿಸಿದೆಯೇ?' ತೂಕವನ್ನೇನು ಕಳ್ಳರು ಹೊತ್ತುಕೊಂಡು ಹೋದರೇ? ಮುದುಕರು ತಕ್ಕಡಿ ಹತ್ತುವುದಿಲ್ಲ. 'ಬಟ್ಟೆ ಸಡಿಲವಾಗುತ್ತಿದೆಯೇ' ಎಂದು ಕೇಳು, ತಕ್ಷಣ ಹೇಳುತ್ತಾರೆ. ಆರನೆಯದು: 'ತಾವು ಸ್ವತಂತ್ರವಾಗಿ ಸ್ನಾನ ಮಾಡುತ್ತೀರಾ?' ಬಾವುಟ ಹಾರಿಸಿ ಮಾಡಬೇಕೋ? 'ಯಾರ ಸಹಾಯವೂ ಇಲ್ಲದೆ' ಎಂದರೆ ಮುಗಿಯಿತು. ಏಳು, ಎಂಟು, ಹನ್ನೊಂದು, ಅಂಚಿನಲ್ಲಿ ಬರೆದಿದ್ದೇನೆ. ಉಳಿದವು ಇರಲಿ.

'ಕೃಶತೆ' ಸರಿಯಿಲ್ಲ. ಕೃಶ ಎಂದರೆ ಬಡಕಲು, ಅಷ್ಟೇ. ದಪ್ಪಗಿದ್ದೂ ಕುಸಿಯುವವರನ್ನು ನೋಡಿದ್ದೇನೆ. ನನ್ನನ್ನು ಕೇಳಿದರೆ ಅದು ಹೊಲಿಗೆ ಸಡಿಲವಾದ ಪುಸ್ತಕ. ಹಾಳೆಗಳೆಲ್ಲ ಇರುತ್ತವೆ, ಪುಟಸಂಖ್ಯೆ ತಪ್ಪಿರುವುದಿಲ್ಲ, ಕಪಾಟಿನಲ್ಲಿ ನಿಂತಿರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಎತ್ತಿದಾಗ ಉದುರುತ್ತದೆ. ನಿನ್ನ ಪ್ರೊಫೆಸರಿಗೆ ಹೇಳು, ಒಪ್ಪದಿದ್ದರೆ ಬಿಡು.

ಇಲ್ಲಿ ಎಲ್ಲ ಕ್ಷೇಮ. ಎದುರುಮನೆಗೆ ಹೋದ ವರ್ಷ ಬಂದ ಲಿಫ್ಟ್ ಮೇಸ್ತ್ರಿಯನ್ನು ನೀನು ನೋಡಿಲ್ಲ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ, ಲಿಫ್ಟೇ ಇಲ್ಲದ ನಮ್ಮ ಕಟ್ಟಡದ ಮೂರು ಮಹಡಿ ಹತ್ತಿ ಮನೆಗೆ ಬರುತ್ತಾನೆ. ನನ್ನನ್ನು ಟೀಚರಮ್ಮ ಎನ್ನುತ್ತಾನೆ. ನಾನು ಟೀಚರ್ ಅಲ್ಲ ಎಂದರೆ, "ಕೆಳಗಿನ ನೋಟೀಸನ್ನೆಲ್ಲ ತಿದ್ದೋರು ಇನ್ನೇನು ಪೋಲೀಸಾ?" ಎನ್ನುತ್ತಾನೆ. ಹೋದ ವಾರ 'ನಾಳೆ ನೀರು ಬರುವುದಿಲ್ಲಾ' ಎಂದು ದೀರ್ಘ ಎಳೆದಿದ್ದರಂತೆ. ನೋಟೀಸನ್ನೇ ಕಿತ್ತು ಮೇಲಕ್ಕೆ ತಂದ. ತಿದ್ದಿ ಕೊಟ್ಟೆ, ಮತ್ತೆ ಅಂಟಿಸಿದ.

ಆ ಸಾಲಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ
ದೊಡ್ಡಮ್ಮ


ಜುಲೈ ೫

ದೊಡ್ಡಮ್ಮಾ,

ನೀನು ಎಂದು ಬರೆಯುತ್ತಿದ್ದೇನೆ, ನೋಡು.

ಪ್ರೊಫೆಸರ್ ನಿನ್ನ ಪುಸ್ತಕದ ಮಾತು ಕೇಳಿ ಅದನ್ನು ತಮ್ಮ ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಂಡರು. ಆಮೇಲೆ, "ನಿಮ್ಮ ದೊಡ್ಡಮ್ಮ ನಮ್ಮ ಸಮಿತಿಗೆ ಬರ್ತಾರಾ?" ಎಂದರು. ನೀನು ತಿದ್ದಿದ ಐದೂ ಪ್ರಶ್ನೆಗಳನ್ನು ತಿದ್ದಿದಂತೆಯೇ ಒಪ್ಪಿದರು.

ಕೆಲಸ ಶುರುವಾಗಿದೆ. ನಮ್ಮದು ದೊಡ್ಡ ಯಂತ್ರಗಳೇನೂ ಇಲ್ಲ. ಒಂದು ಟೇಪು, ಒಂದು ಗಡಿಯಾರ, ಕೈಹಿಡಿತ ಅಳೆಯುವ ಒಂದು ಉಪಕರಣ, ನಾವೇ ಹೊತ್ತುಕೊಂಡು ಹೋಗುವ ಒಂದು ಕುರ್ಚಿ. ಎಲ್ಲರ ಮನೆಯ ಕುರ್ಚಿಯೂ ಒಂದೇ ಎತ್ತರ ಇರುವುದಿಲ್ಲವಲ್ಲ. ಕುರ್ಚಿ ಹೊತ್ತು ಬೀದಿಯಲ್ಲಿ ನಡೆಯುವುದನ್ನು ನೋಡಿ ಮಕ್ಕಳು, "ಆಂಟೀ, ಸುಸ್ತಾದರೆ ಕೂರೋಕಾ?" ಎಂದು ಕೂಗುತ್ತವೆ.

ಒಬ್ಬ ನಿವೃತ್ತ ಬಸ್ ಡ್ರೈವರ್. ಒಳ್ಳೆ ಬಿರುಸಿನ ನಡಿಗೆ, ಆದರೆ ನಾವು ಎಳೆದ ಗೆರೆಯ ಹತ್ತಿರ ಬಂದಕೂಡಲೇ ನಿಧಾನ. ಮೂರು ಸಲವೂ ಹಾಗೇ. ಯಾಕೆ ಎಂದರೆ, "ಗೆರೆ ಕಂಡ ಮೇಲೆ ಬ್ರೇಕ್ ಹಾಕಬೇಕಲ್ಲಮ್ಮಾ. ನಲವತ್ತು ವರ್ಷದ ಅಭ್ಯಾಸ." ಅವರಿಂದ ನಾವು ಕಲಿತೆವು: ಈಗ ಗೆರೆಯ ಆಚೆಗೂ ಎರಡು ಮೀಟರ್ ನಡೆಸುತ್ತೇವೆ, ಗೆರೆಯವರೆಗಿನದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬರು ಅಮ್ಮ ಇದ್ದಾರೆ, ಎಪ್ಪತ್ತೊಂದು ವರ್ಷ. ಹಿಡಿತದ ಉಪಕರಣವನ್ನು ತಿರುಗಿಸಿ ಮುರುಗಿಸಿ ನೋಡಿ, "ಹಿಂಡಿದರೆ ಇದರಿಂದ ರಸ ಬರುತ್ತಾ?" ಎಂದು ಕೇಳಿದರು. ನಕ್ಕರು, ಹಿಂಡಿದರು. ಮುಳ್ಳು ಅಲುಗಲಿಲ್ಲ ಎನ್ನಬೇಕು, ಅಷ್ಟು ಕಡಿಮೆ.

ಒಂದು ವಿಚಿತ್ರ. ಒಂಬತ್ತನೇ ಪ್ರಶ್ನೆ ನೆನಪಿದೆಯಾ? 'ಕಳೆದ ವಾರ ಎಷ್ಟು ದಿನ ನಿಮಗೆ ಸಾಕು ಅನ್ನಿಸಿತು?' ದಣಿವನ್ನು ಹಿಡಿಯಲು ಇಟ್ಟ ಪ್ರಶ್ನೆ. ಡ್ರೈವರ್ "ಏಳು ದಿನವೂ" ಎಂದರು, ಅದೂ ನಗುತ್ತಾ. ಹೊಲಿಯುವಾಕೆ "ಒಂದು ದಿನವೂ ಇಲ್ಲ" ಎಂದರು. ಈ ಉತ್ತರಗಳಿಗೆಲ್ಲ ಅಂಕ ಕೊಡುವ ನಮ್ಮ ಸೂತ್ರದ ಪ್ರಕಾರ ಈಗ ಡ್ರೈವರ್ ಕುಸಿಯುವವರ ಪಟ್ಟಿಯ ಹತ್ತಿರ, ಹೊಲಿಯುವಾಕೆ ಅದರಿಂದ ದೂರ. ಕಣ್ಣಿಗೆ ಕಂಡದ್ದು ತಿರುಗುಮುರುಗು. ಎಲ್ಲೋ ಏನೋ ತಪ್ಪಿದೆ, ಹುಡುಕುತ್ತಿದ್ದೇನೆ.

ನೀನು ಹೇಗಿದ್ದೀಯ? ಎಂದಿನಂತೆ ಸಂಜೆ ಕೆಳಗಿನ ಬೆಂಚಿನ ಮೇಲೆ ಕೂರುತ್ತೀಯಾ? ಬರೆ.

ನಿನ್ನ
ಅಲ್ಪವಿರಾಮ


ಜುಲೈ ೨೧

ಅಲ್ಪವಿರಾಮಕ್ಕೆ,

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾಯಿತು. ಬೆಂಚು ಇದ್ದಲ್ಲೇ ಇದೆ. ಡ್ರೈವರ್ ಕಥೆ ಚೆನ್ನಾಗಿದೆ. ಬರೆಯಲು ಹೆಚ್ಚೇನೂ ಇಲ್ಲ. ಕನ್ನಡಕ ಬದಲಿಸಬೇಕು.

ದೊಡ್ಡಮ್ಮ


ಆಗಸ್ಟ್ ೯

ದೊಡ್ಡಮ್ಮಾ,

ಒಂಬತ್ತನೇ ಪ್ರಶ್ನೆ ಬಗೆಹರಿಯಿತು. ಡ್ರೈವರ್ ಮನೆಗೆ ಮತ್ತೆ ಹೋದೆ. "ಏಳು ದಿನವೂ ಸಾಕು ಅನ್ನಿಸಿತು ಅಂದಿರಲ್ಲ, ಅಷ್ಟು ಸುಸ್ತಾ?" ಎಂದೆ. ಮನುಷ್ಯ ಕಕ್ಕಾಬಿಕ್ಕಿ. "ಸುಸ್ತು ಯಾಕಮ್ಮಾ? ಬೆಳಿಗ್ಗೆ ಇವಳು ಟೀ ಕೊಟ್ಟು ಎದುರಿಗೆ ಕೂರ್ತಾಳೆ. ಆಗ ದಿನಾ ಅನ್ನಿಸುತ್ತೆ, ಇಷ್ಟಿದ್ರೆ ಸಾಕು ಅಂತ." ಒಳಗಿನಿಂದ ಹೆಂಡತಿ, "ಟೀಗೆ ಸಕ್ಕರೆ ಮಾತ್ರ ಯಾವತ್ತೂ ಸಾಕು ಅನ್ನಲ್ಲ, ಅದನ್ನೂ ಬರ್ಕೊಳ್ಳಿ" ಎಂದರು.

ಅಲ್ಲಿಂದ ಹೊಲಿಯುವಾಕೆಯ ಮನೆಗೆ. ಮೆಷೀನಿನ ಮೇಲೆ ತಲೆಯಿಟ್ಟು ಕೂತಿದ್ದರು, ನನ್ನನ್ನು ಕಂಡು ಎದ್ದರು. ಅದೇ ಪ್ರಶ್ನೆ ಕೇಳಿದೆ. "ಸಾಕು ಅನ್ನೋಕೆ ನನಗೆಲ್ಲಿ ಪುರುಸೊತ್ತು? ಸಾಕೋಕೆ ಮೊಮ್ಮಗಳಿದ್ದಾಳಲ್ಲ." ಆಮೇಲೆ ನಾನು ಏನೂ ಕೇಳದಿದ್ದರೂ, ಬೆಳಿಗ್ಗೆ ನೀರಿನ ಬಕೆಟ್ ಎತ್ತಲು ಎರಡು ಸಲ ಕೂರಬೇಕಾಗುತ್ತದೆ ಎಂದು ಹೇಳಿದರು.

ಒಂದು ಪದ, ಒಬ್ಬರಿಗೆ ತೃಪ್ತಿ, ಪ್ರಶ್ನೆ ಬರೆದ ನಮಗೆ ದಣಿವು, ಇನ್ನೊಬ್ಬರಿಗೆ ಹೊರಬೇಕಾದ ಮಗು. ನಾನು ಇದನ್ನು ಗಮನಿಸದೆ ಎಂಬತ್ತು ಮನೆಗಳಲ್ಲಿ ಕೇಳಿ ಬಂದೆ. ಎಂಬತ್ತಕ್ಕೂ ಮತ್ತೆ ಹೋಗಬೇಕು. ಹೋಗುತ್ತೇನೆ, ಅದರ ಬೇಸರವಿಲ್ಲ.

ಬೇಸರ ಬೇರೆಯದು. ನೀನು 'ಬರುವುದಿಲ್ಲಾ' ಎಂಬುದರ ಒಂದು ದೀರ್ಘವನ್ನೂ ಬಿಡದವಳು. ಈ ಪ್ರಶ್ನೆ ನಿನ್ನ ಕಣ್ಣು ತಪ್ಪಿಸಿಕೊಂಡಿತು ಎಂದರೆ ನಾನು ನಂಬಬೇಕೇ? ನೀನು ತಿದ್ದಿ ಕಳಿಸಿದ ಪ್ರತಿಯನ್ನು ತೆಗೆದು ನೋಡಿದೆ. ಒಂಬತ್ತರ ಎದುರು ಒಂದು ಗುರುತೂ ಇಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಅಲ್ಲಿ ಮಾತ್ರ ಕಾಗದ ಸವೆದು ನುಣುಪಾಗಿದೆ. ಯಾರೋ ಏನೋ ಬರೆದು ಅಳಿಸಿದ ಹಾಗೆ.

ಇನ್ನೆರಡು ವಿಷಯ. ನಿನ್ನ ಎರಡೂ ಲಕೋಟೆಗಳ ಮೇಲಿನ ವಿಳಾಸ ನಿನ್ನ ಅಕ್ಷರವಲ್ಲ. ದಪ್ಪ ಅಂಕಿಗಳು, ಲಿಫ್ಟಿನ ಗುಂಡಿಗಳ ಮೇಲೆ ಇರುತ್ತವಲ್ಲ, ಹಾಗೆ. ಮತ್ತೆ, ನೋಟೀಸನ್ನು ಮೇಸ್ತ್ರಿ ಮೇಲಕ್ಕೆ ತಂದರು ಎಂದು ಬರೆದಿದ್ದೆ. ಮೊದಲೆಲ್ಲ ನೀನೇ ಕೆಳಗಿಳಿದು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ನಿಂತಲ್ಲೇ ತಿದ್ದುತ್ತಿದ್ದವಳು. ಬೆಂಚು ಇದ್ದಲ್ಲೇ ಇದೆ ಎಂದೆ. ನಾನು ಬೆಂಚಿನ ಬಗ್ಗೆ ಕೇಳಿರಲಿಲ್ಲ.

ಈ ಸಲ ಗಡಿಯಾರ ನೋಡುತ್ತಿಲ್ಲ, ದೊಡ್ಡಮ್ಮ. ಕೇಳುತ್ತಿದ್ದೇನೆ.

ನಿನ್ನವಳು


ಆಗಸ್ಟ್ ೨೮

ಮಗೂ,

ಈ ಕಾಗದವನ್ನು ನಾಲ್ಕು ಸಲ ಹರಿದೆ. ಇದು ಐದನೆಯದು, ತಿದ್ದದೆ ಕಳಿಸುತ್ತೇನೆ.

ಹೌದು, ಬರೆದು ಅಳಿಸಿದೆ. ಪ್ರಶ್ನೆಗಳನ್ನು ತಿದ್ದುತ್ತಾ ಹೋದವಳು ಒಂಬತ್ತಕ್ಕೆ ಬಂದಾಗ ಪೆನ್ಸಿಲ್ ತಾನಾಗಿ 'ಏಳು' ಎಂದು ಬರೆದುಬಿಟ್ಟಿತು. ಲೇಖಕರ ಕಾಗದದ ಮೇಲೆ ಪ್ರೂಫ್ ನೋಡುವವಳು ತನ್ನ ವಿಷಯ ಬರೆಯಬಾರದು. ಅಳಿಸಿದೆ. ಆ ಪದಕ್ಕೆ ಎರಡು ಅರ್ಥವಿದೆ ಎಂದು ನನಗೆ ಹೊಳೆಯಲೇ ಇಲ್ಲ, ಅಲ್ಪವಿರಾಮ. ಪದಗಳ ನಡುವೆ ಬದುಕಿದವಳಿಗೆ! ನನಗೆ ಒಂದೇ ಅರ್ಥ ಕೇಳಿಸಿತು.

ಮೇ ಹದಿನಾರರಂದು ಕೆಳಗೆ ಹೋಗಿ ಬರುವಾಗ ಎರಡನೇ ಮಹಡಿಯ ತಿರುವಿನಲ್ಲಿ ಮೊಣಕಾಲು ನಡುಗಿತು. ಬೀಳಲಿಲ್ಲ. ಕುಳಿತೆ. ಆಮೇಲೆ ಏಳಲಾಗದೆ ಒಂದೊಂದು ಮೆಟ್ಟಿಲನ್ನೂ ಕುಳಿತುಕೊಂಡೇ, ಹಿಮ್ಮುಖವಾಗಿ, ಕೂಸಿನ ಹಾಗೆ ಹತ್ತಿದೆ. ಯಾರೂ ನೋಡಲಿಲ್ಲ ಎಂಬುದೊಂದೇ ಸಮಾಧಾನ. ಅಂದಿನಿಂದ ಇಳಿದಿಲ್ಲ. ಮೇಸ್ತ್ರಿ ಹಾಲು ತರಕಾರಿ ತರುತ್ತಾನೆ, ಅವನ ಕೈಯಲ್ಲಿ ಕಾಗದ ಕೊಟ್ಟರೆ ಲಕೋಟೆ ಕೊಂಡು ಹಾಕುತ್ತಾನೆ. ರವಿಕೆಗಳನ್ನು ಎರಡು ಸಲ ಹಿಡಿದು ಹೊಲಿದೆ. ಒಬ್ಬಳಿಗಾಗಿ ಒಲೆ ಹಚ್ಚುವುದೇಕೆ ಎಂದು ಎಷ್ಟೋ ಮಧ್ಯಾಹ್ನ ಬ್ರೆಡ್ಡು ತಿಂದು ಮುಗಿಸುತ್ತೇನೆ. ನಿನಗೆ ಹೇಳಿದರೆ ಪೆಟ್ಟಿಗೆ ಕಟ್ಟಿಸುತ್ತೀಯ ಎಂದು ಹೇಳಲಿಲ್ಲ. ಈ ಮನೆಯ ಪೂರ್ವದ ಕಿಟಕಿಯ ಬೆಳಕಿನಲ್ಲಿ ನಾನು ಓದಿದ್ದೇನೆ, ನಿನಗೆ ಓದಲು ಕಲಿಸಿದ್ದೇನೆ. ಇದನ್ನು ಬಿಟ್ಟು ನಿನ್ನ ಮನೆಯ ಒಂದು ಕೋಣೆಯಲ್ಲಿ, ನಿನ್ನ ಗಡಿಯಾರದ ಎದುರು ಕೂರಬೇಕೇ ಎಂಬುದು ನನ್ನ ಭಯ. ಸಾವಿನದಲ್ಲ.

ಇನ್ನು ಆ ಸಾಲು. ನೀನು ಕೇಳಿದ ದಿನವೇ ಬರೆಯಬೇಕಿತ್ತು. ಅಂಚೆ ಕಛೇರಿಯ ಒಬ್ಬ ಗುಮಾಸ್ತರು ಒಂದು ಸಣ್ಣ ಕವಿತೆಯ ಪುಸ್ತಕ ಅಚ್ಚು ಹಾಕಿಸಿದ್ದರು, ನಲವತ್ತು ಪುಟ. ಅವರು ಬರೆದಿದ್ದದ್ದು, 'ಸಾಕಿದವರ ಮನೆಗೆ ಸಂಜೆ ಮೆಲ್ಲಗೆ ಬರುವುದು.' ಅಚ್ಚುಮೊಳೆ ಜೋಡಿಸಿದವನು 'ಸಾಕೆಂದವರ' ಎಂದು ಜೋಡಿಸಿದ. ನಾನು ನೋಡದೆ ಸಹಿ ಹಾಕಿದೆ. ನಿನ್ನ ಅಮ್ಮ ಹೋಗಿ ತಿಂಗಳಾಗಿತ್ತು. ನಿನಗೆ ಜ್ವರ. ಯಾರ ಹತ್ತಿರವೂ ಬಿಡಲಾಗದೆ ಪ್ರೆಸ್ಸಿಗೆ ಕರೆತಂದು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಮದುವೆ ಮಕ್ಕಳು ಯಾವುದೂ ಬೇಡವೆಂದು ಇದ್ದವಳು, ಈ ಮಗುವನ್ನು ಸಾಕುವುದು ನನ್ನಿಂದ ಆಗುತ್ತದೆಯೇ ಎಂದು ಅದೇ ಹೊತ್ತಿನಲ್ಲಿ ಯೋಚಿಸುತ್ತಿದ್ದೆ. ಮುನ್ನೂರು ಪ್ರತಿ ಅಚ್ಚಾದ ಮೇಲೆ ಗೊತ್ತಾಯಿತು. ಗುಮಾಸ್ತರು ಬಂದು ಆ ಪುಟವನ್ನು ಓದಿದರು, ನಿನ್ನ ಹಣೆ ಮುಟ್ಟಿ ನೋಡಿದರು, ಪ್ರತಿಗಳನ್ನು ಕಟ್ಟಿಸಿಕೊಂಡು ಹೋದರು. ಅದಕ್ಕೇ ಅದನ್ನು ತಪ್ಪಾಗಿಯೇ ಹೇಳಿಕೊಳ್ಳುತ್ತಿದ್ದೆ, ಮರೆಯಬಾರದೆಂದು.

ಈಗ ಒಪ್ಪಂದ. ಡಿಸೆಂಬರಿನಲ್ಲಿ ಬಾ. ಗಡಿಯಾರವನ್ನು ಮೇಜಿನ ಮೇಲಿಟ್ಟು, ಹೇಳಿ, ಅಳೆ. ಯಾವ ಅಂಕಿಯೊಳಗೆ ಬಂದರೆ ನಾನು ಇಲ್ಲೇ ಇರಬಹುದು ಎಂದು ನೀನೇ ಬರೆ. ಆ ಅಂಕಿ ಮುಟ್ಟದಿದ್ದರೆ ಪೆಟ್ಟಿಗೆ ಕಟ್ಟುತ್ತೇನೆ. ತಕರಾರು ಮಾಡುವುದಿಲ್ಲ. ಅಲ್ಲಿಯವರೆಗೆ ಏನು ಮಾಡಬೇಕು ಹೇಳು.

ಒಂಬತ್ತನೆಯದನ್ನು ಹೀಗೆ ಬರೆ: 'ಕಳೆದ ವಾರ ಎಷ್ಟು ದಿನ ನಿಮಗೆ ಸಣ್ಣ ಕೆಲಸವೂ ಭಾರ ಅನ್ನಿಸಿತು?' ಇದಕ್ಕೆ ಒಂದೇ ಅರ್ಥ.

ದೊಡ್ಡಮ್ಮ


ಸೆಪ್ಟೆಂಬರ್ ೫

ದೊಡ್ಡಮ್ಮಾ,

ನಿನ್ನ ಕಾಗದವನ್ನು ಓದಿ ಮಡಚಿಟ್ಟು, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತು, ಮತ್ತೆ ಬಂದು ಓದಿದೆ. ಅಷ್ಟೇ ಬರೆಯುತ್ತೇನೆ.

ಅಂಕಿ: ನಾಲ್ಕು ಮೀಟರಿಗೆ ಐದು ಸೆಕೆಂಡು. ಅದರ ಜೊತೆಗೆ ಕೈ ಊರದೆ ಕುರ್ಚಿಯಿಂದ ಐದು ಸಲ ಏಳುವುದು.

ಮೊದಲು ಡಾಕ್ಟರ್. ಅವರನ್ನು ಮೇಲಕ್ಕೇ ಕರೆಸು, ರಕ್ತ ಪರೀಕ್ಷೆಯಾಗಲಿ, ಹೊಸ ಮಾತ್ರೆ, ಹಳೆಯ ಮಾತ್ರೆ ಎಲ್ಲವನ್ನೂ ತೋರಿಸು. ಅವರು ಸರಿ ಎಂದ ಮೇಲೆ ಕುರ್ಚಿ. ಗೋಡೆಗೆ ತಾಗಿಸಿಡು, ಜಾರಬಾರದು. ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ಎದ್ದು ಕೂರು. ಕೈ ಊರಿಕೊಂಡೇ ಶುರು ಮಾಡು, ನಾಚಿಕೆಯಿಲ್ಲ. ಪಾತ್ರೆ ತೊಳೆಯುವಾಗ ಕಟ್ಟೆ ಹಿಡಿದು ಹಿಮ್ಮಡಿ ಎತ್ತು. ಬ್ರೆಡ್ಡು ಊಟವಲ್ಲ. ಮೊಟ್ಟೆ, ಬೇಳೆ, ಹಾಲು ಏನಾದರೊಂದು ಪ್ರತಿ ಹೊತ್ತಿಗೂ ಇರಬೇಕು. ಮೆಟ್ಟಿಲಿಗೆ ಒಬ್ಬಳೇ ಹೋಗಬೇಡ, ಮೇಸ್ತ್ರಿಯನ್ನು ಕೇಳು. ಕೇಳುವುದು ನಿನಗೆ ಕಷ್ಟ ಎಂದು ಗೊತ್ತು. ನನಗೂ ಯಾರಾದರೂ ಕೇಳಲು ಕಲಿಸಿದ್ದರೆ ಮಾರ್ಚಿನಲ್ಲಿ ಗಡಿಯಾರವನ್ನು ಸೆರಗಿನಲ್ಲಿ ಮುಚ್ಚುತ್ತಿರಲಿಲ್ಲ.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ನೀನು ಬರೆದದ್ದನ್ನೆಲ್ಲ ನಮ್ಮ ಸೂತ್ರಕ್ಕೆ ಹಾಕಿ ನೋಡಿದೆ. ನಿನ್ನಂತೆ ಇರುವ ನೂರು ಜನರಲ್ಲಿ ಅರವತ್ತೆರಡು ಜನ ವರ್ಷದೊಳಗೆ ಕುಸಿಯುತ್ತಾರೆ ಎಂದಿತು.

ಅಲ್ಪವಿರಾಮ


ಅಕ್ಟೋಬರ್ ೩೦

ಅಲ್ಪವಿರಾಮಕ್ಕೆ,

ಅರವತ್ತೆರಡು ಜನ ಕುಸಿಯುತ್ತಾರೆ, ಸರಿ. ಉಳಿದ ಮೂವತ್ತೆಂಟು ಜನ ಎಲ್ಲಿ ಕೂರುತ್ತಾರೆ ಹೇಳು, ನಾನು ಅವರ ಕಡೆ ಹೋಗಿ ಕೂರುತ್ತೇನೆ.

ಡಾಕ್ಟರ್ ಬಂದರು. ರಕ್ತ ಕಡಿಮೆ, ಇನ್ನೇನೋ ವಿಟಮಿನ್ ಇನ್ನೂ ಕಡಿಮೆ. ಮಾತ್ರೆ ಕೊಟ್ಟಿದ್ದಾರೆ. ನಿದ್ದೆಗೆಂದು ಯಾವಾಗಲೋ ಶುರು ಮಾಡಿದ್ದ ಗುಳಿಗೆಯನ್ನು ನಿಲ್ಲಿಸಲು ಹೇಳಿ, ಒಮ್ಮೆಗೇ ಬೇಡ, ಅರ್ಧ ಅರ್ಧವಾಗಿ ಬಿಡಿ ಎಂದರು. ಕಾಲು ನಡುಗುವುದಕ್ಕೆ ಅದರದ್ದೂ ಪಾಲಿತ್ತಂತೆ.

ಮೇಸ್ತ್ರಿಯನ್ನು ಕೇಳಿದೆ. ಕೇಳಲು ಎರಡು ದಿನ ಬೇಕಾಯಿತು. ಅವನು, "ಇಷ್ಟು ದಿನ ಯಾಕೆ ಕೇಳಲಿಲ್ಲ ಟೀಚರಮ್ಮ, ನಾನೂ ಹೊಟ್ಟೆ ಕರಗಿಸಬೇಕು" ಎಂದ. ಪ್ರತಿ ತಿರುವಿನಲ್ಲೂ ಒಂದು ಮಡಿಸುವ ಕುರ್ಚಿ ತಂದಿಟ್ಟಿದ್ದಾನೆ. ಸಂಜೆ ಕೆಲಸದಿಂದ ಬಂದವನು ನನ್ನ ಎರಡು ಮೆಟ್ಟಿಲು ಮುಂದೆ ಇಳಿಯುತ್ತಾನೆ, ಯಂತ್ರದ ದನಿಯಲ್ಲಿ ಕೂಗುತ್ತಾನೆ: "ಎರಡನೇ ಮಹಡಿ. ಬಾಗಿಲು ತೆರೆಯುತ್ತಿದೆ. ದಯವಿಟ್ಟು ಅವಸರ ಮಾಡಬೇಡಿ." ಮೊದಲ ವಾರ ನಾಲ್ಕು ಮೆಟ್ಟಿಲು. ಮೂರನೇ ವಾರ ತಿರುವು. ಆಮೇಲೆ ನೆಗಡಿ ಹಿಡಿದು ಎಂಟು ದಿನ ಮಲಗಿದೆ, ಎದ್ದಾಗ ಕಾಲು ಮತ್ತೆ ನನ್ನದಲ್ಲ. ಆ ದಿನ ಕುರ್ಚಿಯ ಮೇಲೆ ಕುಳಿತು ಅತ್ತೆ, ನಿಜ ಹೇಳುತ್ತೇನೆ. ಅವನು ಯಂತ್ರದ ದನಿಯಲ್ಲೇ, "ತಾಂತ್ರಿಕ ತೊಂದರೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ" ಎಂದ. ನಗು ಬಂದುಬಿಟ್ಟಿತು. ನಾಲ್ಕು ಮೆಟ್ಟಿಲಿನಿಂದ ಮತ್ತೆ ಶುರು.

ನಿನ್ನೆ ನೆಲ ಮುಟ್ಟಿದೆ. ಐದೂವರೆ ತಿಂಗಳ ಮೇಲೆ. ಬೆಂಚಿನ ಮೇಲೆ ಕುಳಿತೆ. ನೋಟೀಸು ಹಲಗೆಯಲ್ಲಿ 'ಕಸವನ್ನು ಇಲ್ಲಿ ಹಾಕಬಾರದಾಗಿ ವಿನಂತಿ' ಎಂದಿತ್ತು. ಬ್ಯಾಗಿನಲ್ಲಿ ಕೆಂಪು ಪೆನ್ಸಿಲ್ ಇತ್ತು.

ಹೊಲಿಯುವಾಕೆ ಏನಾದರು? ಅವರ ಬಗ್ಗೆ ನೀನು ಮತ್ತೆ ಬರೆಯಲೇ ಇಲ್ಲ.

ದೊಡ್ಡಮ್ಮ


ಡಿಸೆಂಬರ್ ೨೩

ದೊಡ್ಡಮ್ಮಾ,

ಮನೆ ಮುಟ್ಟಿದೆ. ನೀನು ಕಟ್ಟಿಕೊಟ್ಟ ಬುತ್ತಿಯನ್ನು ರೈಲಿನಲ್ಲಿ ಪಕ್ಕದವರಿಗೂ ಕೊಟ್ಟು ತಿಂದೆ.

ಅಂಕಿ ನಿನಗೆ ಗೊತ್ತೇ ಇದೆ, ಆದರೂ ಕಾಗದದ ಮೇಲೆ ಇರಲಿ: ನಾಲ್ಕು ಮೀಟರಿಗೆ ನಾಲ್ಕು ದಶಾಂಶ ಎಂಟು ಸೆಕೆಂಡು. ಮೂರು ಸಲವೂ ಅಷ್ಟರ ಆಸುಪಾಸು. ಕುರ್ಚಿಯಿಂದ ಐದು ಸಲ, ಕೈ ಎದೆಗೆ ಕಟ್ಟಿಕೊಂಡು. ಐದನೆಯ ಸಲ ಎದ್ದು ನಿಂತು, "ಬರ್ಕೋ" ಎಂದೆಯಲ್ಲ, ಆ ದನಿಯನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ಪೆಟ್ಟಿಗೆ ಅಟ್ಟದ ಮೇಲೇ ಇರಲಿ. ಮುಂದಿನ ಜೂನಿನಲ್ಲಿ ಮತ್ತೆ ನೋಡೋಣ, ಹೇಳಿ, ಕೇಳಿ. ಹೊಲಿಗೆ ಬಿಗಿಯಾದ ಪುಸ್ತಕವನ್ನೂ ಆಗಾಗ ತೆಗೆದು ನೋಡಬೇಕಾಗುತ್ತದೆ ಎಂದು ನೀನೇ ಹೇಳಿದೆ.

ಎಂಬತ್ತು ಮನೆಗಳಿಗೂ ಮತ್ತೆ ಹೋಗಿ ಬಂದೆವು. ನಿನ್ನ ಪ್ರಶ್ನೆಗೆ ಡ್ರೈವರ್ "ಒಂದು ದಿನವೂ ಇಲ್ಲ" ಎಂದರು. ಹೊಲಿಯುವಾಕೆ ಮೆಷೀನಿನ ಚಕ್ರ ಹಿಡಿದು ನಿಲ್ಲಿಸಿ "ಏ‍ಳು" ಎಂದರು. ಅವರ ಬಗ್ಗೆ ಬರೆಯದಿದ್ದುದು ನಾಚಿಕೆಯಿಂದ. ನಮ್ಮ ತಪ್ಪು ಪದದಿಂದ ಅವರು ಎರಡು ತಿಂಗಳು ಪಟ್ಟಿಯಿಂದ ಹೊರಗಿದ್ದರು. ಈಗ ವಾರಕ್ಕೆ ಮೂರು ದಿನ ಬಡಾವಣೆಯ ವ್ಯಾಯಾಮದ ಗುಂಪಿಗೆ ಬರುತ್ತಾರೆ, ಮೊಮ್ಮಗಳನ್ನೂ ಕರೆದುಕೊಂಡು. ಅವಳು ನಮ್ಮ ಕುರ್ಚಿಯ ಮೇಲೆ ಹತ್ತಿ ಇಳಿದು ಎಲ್ಲರಿಗೂ ಲೆಕ್ಕ ಹಾಕುತ್ತಾಳೆ. ಮೊನ್ನೆ ಅಜ್ಜಿ ಉಪಕರಣ ಹಿಂಡಿದಾಗ ಮುಳ್ಳು ಅಲುಗಿತು. ರಸ ಇನ್ನೂ ಬಂದಿಲ್ಲ ಎಂದರು.

ನೀನು ಕೊಟ್ಟ ನಲವತ್ತು ಪುಟದ ಪುಸ್ತಕ ಮೇಜಿನ ಮೇಲಿದೆ. ಹದಿನೇಳನೇ ಪುಟದಲ್ಲಿ ಕೆಂಪು ಪೆನ್ಸಿಲಿನ ಗೆರೆ, ಅಂಚಿನಲ್ಲಿ 'ಸಾಕಿದವರ', ಅದರ ಕೆಳಗೆ ನಿನ್ನ ಸಹಿ ಮತ್ತು ಮೊನ್ನೆಯ ತಾರೀಕು. ನಲವತ್ತನಾಲ್ಕು ವರ್ಷ ತಡವಾದ ತಿದ್ದುಪಡಿ. ಮುಂದಿನ ಸಾಲನ್ನೂ ಓದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜೂನಿನಲ್ಲಿ ನಿನ್ನ ಬೆಂಚಿನ ಮೇಲೆ ಕುಳಿತು ಹೇಳುತ್ತೇನೆ.

ನೀನು ಸಾಕಿದ
ಅಲ್ಪವಿರಾಮ

ತಾ.ಕ. ಬಾಗಿಲಲ್ಲಿ ಮೇಸ್ತ್ರಿ ನನಗೆ ಏನು ಹೇಳಿದರು ಎಂದು ನೀನು ಮೂರು ಸಲ ಕೇಳಿದೆ, ನಾನು ಮಾತು ಮರೆಸಿದೆ. ಈಗ ಹೇಳುತ್ತೇನೆ. ರೈಲು ಬೇಗ ಬಂದಿತ್ತು. ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿ ಬಂದು ನಿನ್ನ ಗಂಟೆ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಬಾಗಿಲಿಗೆ ಕಿವಿಯಿಟ್ಟೆ. ಅರವತ್ತೆರಡು, ಅರವತ್ತೆರಡು ಎಂದು ತಲೆಯೊಳಗೆ ಬಡಿಯುತ್ತಿತ್ತು. ಕೈಯಿಂದ ಬಾಗಿಲು ತಟ್ಟಿ ದೊಡ್ಡಮ್ಮಾ ಎಂದು ಕೂಗಿದೆ. ಆಗ ಎದುರಿನ ಬಾಗಿಲು ತೆರೆಯಿತು. ಕೈಯಲ್ಲೊಂದು ಮಡಿಸುವ ಕುರ್ಚಿ ಹಿಡಿದು ಅವರು ನಿಂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರ್ಚಿ ಬಿಡಿಸಿ ಇಟ್ಟು ಹೇಳಿದರು:

"ಟೀಚರಮ್ಮ ಮನೇಲಿಲ್ಲ, ಕೆಳಗೆ ಹೋಗಿದ್ದಾರೆ. ಈ ಹೊತ್ತಲ್ಲಿ ಅವರು ಮನೇಲಿ ಸಿಗೋದೇ ಇಲ್ಲ. ಅದಿರಲಿ, ನೀವು ಮೊದಲು ಕೂತ್ಕೊಳ್ಳಿ. ಮೂರು ಮಹಡಿಗೇ ಇಷ್ಟು ಏದುಸಿರು ಬಿಡ್ತಿದ್ದೀರಲ್ಲ, ನಿಮ್ಮನ್ನ ಯಾರೂ ಅಳೆದಿಲ್ವಾ?"